ಐನೂರು ಪೌಂಡಿನ ದ್ವೀಪ

ಕೇಳುಗರೇ, ನಮಸ್ಕಾರ.

ಜಮೀನು ಕೊಂಡು ಮಾರಿದವರಿಗೆ ಪತ್ರದಲ್ಲಿರುವ ಒಂದೊಂದು ಸಾಲಿನ ಬೆಲೆಯೂ ಗೊತ್ತು. ಇವತ್ತು ನಾನು ಹೇಳುವುದು ಅಂಥ ಒಂದು ಸಾಲಿನ ಕಥೆ.

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ದಡದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಒಂದು ಪುಟ್ಟ ದ್ವೀಪ ಇದೆ. ಬರೆಯುವುದು ಗ್ರುಯಿನಾರ್ಡ್ ಅಂತ, ಅಲ್ಲಿಯವರ ಬಾಯಲ್ಲಿ ಗ್ರಿನ್ಯರ್ಡ್. ಎರಡು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ. 1881ರ ಜನಗಣತಿಯಲ್ಲಿ ಅಲ್ಲಿದ್ದವರು ಆರೇ ಮಂದಿ. 1920ರ ದಶಕದಿಂದ ಈಚೆಗೆ ಅಲ್ಲಿ ಯಾರೂ ವಾಸವಿಲ್ಲ. ಆದರೂ ಅದು ಯಾರದೂ ಅಲ್ಲದ ಜಾಗವಾಗಿರಲಿಲ್ಲ, ಒಂದು ಮನೆತನದ ಸ್ವಂತ ಆಸ್ತಿ.

1942. ಎರಡನೇ ಮಹಾಯುದ್ಧದ ಕಾಲ. ಜರ್ಮನಿ ರೋಗಾಣುಗಳನ್ನೇ ಆಯುಧ ಮಾಡೀತು ಎಂಬ ಭಯ ಬ್ರಿಟನ್ನಿಗಿತ್ತು. ಹಾಗೆ ಮಾಡಿದರೆ ಏನಾಗುತ್ತದೆ ಎಂದು ತಾನೇ ನೋಡಲು ಜನವಿಲ್ಲದ ಜಾಗ ಹುಡುಕಿತು. ಗ್ರಿನ್ಯರ್ಡ್ ಕಣ್ಣಿಗೆ ಬಿತ್ತು. ಬ್ರಿಟನ್ ಸರ್ಕಾರದ ಯುದ್ಧ ಸಂಶೋಧನೆಯ ಪೋರ್ಟನ್ ಡೌನ್ ಪ್ರಯೋಗಾಲಯದ ವಿಜ್ಞಾನಿಗಳು ಬಂದರು. ಸುಮಾರು 60 ಕುರಿಗಳನ್ನು ಸಾಗಿಸಿದರು. ಗಾಳಿ ಬೀಸುವ ದಿಕ್ಕು ನೋಡಿ ಕುರಿಗಳನ್ನು ಸಾಲಾಗಿ ನಿಲ್ಲಿಸಿ, ಅಂತ್ರಾಕ್ಸ್ ಎಂಬ ಮಾರಕ ರೋಗದ ರೋಗಾಣು ತುಂಬಿದ ಬಾಂಬು ಸಿಡಿಸಿದರು. ಕಂದು ಬಣ್ಣದ ಮೋಡವೊಂದು ಕುರಿಗಳ ಮೇಲೆ ಹಾದುಹೋಯಿತು. ಕೆಲವೇ ದಿನಗಳಲ್ಲಿ ಅವು ಸಾಯತೊಡಗಿದವು.

ಅಂತ್ರಾಕ್ಸ್ ಎಂದರೆ ಏನೆಂದು ನಮ್ಮ ಕುರಿ ಸಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ರೋಗದಿಂದ ಸತ್ತ ಪ್ರಾಣಿಯನ್ನು ಕೊಯ್ಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ ಅಂತ ಪಶುವೈದ್ಯರು ಹೇಳುವುದು ಸುಮ್ನೆ ಅಲ್ಲ. ರಕ್ತಕ್ಕೆ ಗಾಳಿ ತಾಗಿತೋ, ರೋಗಾಣು ಗಟ್ಟಿ ಕವಚ ತೊಟ್ಟುಕೊಳ್ಳುತ್ತದೆ. ಆಮೇಲೆ ಮಳೆ, ಬಿಸಿಲು, ಚಳಿ ಯಾವುದಕ್ಕೂ ಜಗ್ಗದೆ ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಗ್ರಿನ್ಯರ್ಡಿನ ಮಣ್ಣಿಗೆ ಸೇರಿದ್ದು ಇದೇ. ಸತ್ತ ಕುರಿಯೊಂದು ತೇಲಿಕೊಂಡು ಎದುರು ದಡ ಸೇರಿ, ಅಲ್ಲಿನ ರೈತರ ದನಕುರಿಗಳೂ ಸತ್ತವು. ಸರ್ಕಾರ ಪರಿಹಾರವನ್ನೇನೋ ಕೊಟ್ಟಿತು, ನಿಜ ಮಾತ್ರ ಹೇಳಲಿಲ್ಲ.

ಈಗ ಆ ಸಾಲಿಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಸರ್ಕಾರ ಆ ದ್ವೀಪವನ್ನು 500 ಪೌಂಡಿಗೆ ಕೊಂಡಿತು. ಜೊತೆಗೊಂದು ಷರತ್ತು: ಮನುಷ್ಯರಿಗೂ ಪ್ರಾಣಿಗಳಿಗೂ ಅದು ಮತ್ತೆ ವಾಸಯೋಗ್ಯವಾದ ದಿನ, ಮಾಲೀಕರೋ ಅವರ ವಾರಸುದಾರರೋ ಅದೇ 500 ಪೌಂಡಿಗೆ ವಾಪಸ್ ಕೊಳ್ಳಬಹುದು. ಮಾಲೀಕರ ಮಟ್ಟಿಗೆ ಈ ಸಾಲು ಸಾಕಷ್ಟು ಗಟ್ಟಿಯಾಗಿಯೇ ಇತ್ತು. ನನ್ನನ್ನು ಕಾಡುವುದು ಅದರಲ್ಲಿ ಇಲ್ಲದ ಮಾತು. ಯಾವಾಗ ಶುದ್ಧ ಮಾಡಿಕೊಡುತ್ತೇವೆ ಎಂಬುದಕ್ಕೆ ಗಡುವೇ ಇರಲಿಲ್ಲ! ಕಾಲಿಡಬೇಡಿ ಎನ್ನುವ ಫಲಕಗಳು ನಾಲ್ಕು ದಶಕ ಅಲ್ಲೇ ನಿಂತವು.

1981ರಲ್ಲಿ 'ಆಪರೇಷನ್ ಡಾರ್ಕ್ ಹಾರ್ವೆಸ್ಟ್' ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಸಂದೇಶ ಬಂತು. ದ್ವೀಪದ ಮಣ್ಣನ್ನು ಹೊತ್ತು ತಂದಿದ್ದೇವೆ, ಶುದ್ಧ ಮಾಡದಿದ್ದರೆ ಬೇರೆ ಬೇರೆ ಕಡೆ ಇಡುತ್ತೇವೆ ಎಂಬ ಬೆದರಿಕೆ. ಪೋರ್ಟನ್ ಡೌನ್ ಬಾಗಿಲಲ್ಲೇ ಒಂದು ಪೊಟ್ಟಣ ಸಿಕ್ಕಿತು. ಅದರಲ್ಲಿ ನಿಜವಾಗಿಯೂ ಅಂತ್ರಾಕ್ಸ್ ಇತ್ತು. ವಿಷದ ಮಣ್ಣು ಹೊತ್ತು ತಿರುಗುವುದನ್ನು ನಾನು ಒಪ್ಪಲಾರೆ. ಆದರೆ ಊರವರ ಸಿಟ್ಟು ನ್ಯಾಯವಾದದ್ದೇ, ಅಲ್ವಾ?

1986ರಲ್ಲಿ ಕೆಲಸ ಶುರುವಾಯಿತು. ರೋಗಾಣು ಕೊಲ್ಲುವ ರಾಸಾಯನಿಕವಾದ ಫಾರ್ಮಾಲ್ಡಿಹೈಡಿನ 280 ಟನ್ ದ್ರಾವಣವನ್ನು ಸಮುದ್ರದ ನೀರಿನಲ್ಲಿ ಬೆರೆಸಿ ದ್ವೀಪಕ್ಕೆಲ್ಲ ಸಿಂಪಡಿಸಿದರು. ಜಾಸ್ತಿ ಕೆಟ್ಟಿದ್ದ ಕಡೆ ಮೇಲ್ಮಣ್ಣನ್ನೇ ತೆಗೆದರು. ಆಮೇಲೆ ಪರೀಕ್ಷೆಗೆಂದು ಮೇಯಲು ಬಿಟ್ಟದ್ದು ಯಾವುದನ್ನು ಗೊತ್ತೇ? ಮತ್ತೆ ಕುರಿಗಳನ್ನೇ. ಈ ಸಲ ಅವು ಮೇಯ್ದುಕೊಂಡು ಆರೋಗ್ಯವಾಗಿ ಉಳಿದವು.

1990ರ ಏಪ್ರಿಲ್ 24ರಂದು ರಕ್ಷಣಾ ಇಲಾಖೆಯ ಸಚಿವರೊಬ್ಬರು ದ್ವೀಪಕ್ಕೆ ಹೋಗಿ ಎಚ್ಚರಿಕೆಯ ಫಲಕ ಕಿತ್ತರು. ಪ್ರಯೋಗ ನಡೆದು 48 ವರ್ಷ ಆಗಿತ್ತು. ವಾರ ಕಳೆಯುವುದರಲ್ಲಿ, ಮೇ 1ರಂದು, ವಾರಸುದಾರರು ದ್ವೀಪವನ್ನು ವಾಪಸ್ ಕೊಂಡರು. ಕೊಟ್ಟದ್ದು 500 ಪೌಂಡು. ಒಂದು ಪೆನ್ನಿ ಹೆಚ್ಚಿಲ್ಲ, ಒಂದು ಪೆನ್ನಿ ಕಡಿಮೆಯಿಲ್ಲ.

ನಮಸ್ಕಾರ.