ಸೆರಾಮಿಕ್ ಮ್ಯಾಗ್ನೆಟ್ ಮಾಡಿದ ತಪ್ಪೇನು?

ಗೆಳೆಯರೇ, ಇಲ್ಲಿರುವವರೆಲ್ಲ ಗಿಟಾರ್ ಹಿಡಿದವರೇ. ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳ ಕೆಳಗೆ ಪಿಕಪ್ ಇರುತ್ತದೆ: ಮ್ಯಾಗ್ನೆಟ್, ಜೊತೆಗೆ ವೈರ್ ಸುತ್ತಿದ ಕಾಯಿಲ್. ಮ್ಯಾಗ್ನೆಟ್‌ನಿಂದ ತಂತಿಗೆ ಕಾಂತಶಕ್ತಿ ಬರುತ್ತದೆ, ತಂತಿ ಅಲುಗಿದಾಗ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದು ನಿಮಗೆ ಗೊತ್ತಿರುವುದೇ, ಬಿಡಿ. ನಾನು ಬಂದಿರುವುದು ಒಂದು ಮಾತನ್ನು ಎದುರಿಸೋಕೆ: ‘ಆಲ್ನಿಕೋ ಅಂದ್ರೆ ಇಂಪು, ಸೆರಾಮಿಕ್ ಅಂದ್ರೆ ಕರ್ಕಶ.’ ಆಲ್ನಿಕೋ ಅಂದರೆ ಅಲ್ಯೂಮಿನಿಯಂ, ನಿಕ್ಕೆಲ್, ಕೋಬಾಲ್ಟ್ ಬೆರೆಸಿದ ಲೋಹದ ಮ್ಯಾಗ್ನೆಟ್, ಸೆರಾಮಿಕ್ ಅಂದರೆ ಪಿಂಗಾಣಿಯಂಥ ಮ್ಯಾಗ್ನೆಟ್. ಆ ಮಾತು ಕೇಳಿದಾಗಲೆಲ್ಲ ನನಗೆ ಸುಮ್ನೆ ಇರೋಕೆ ಆಗಲ್ಲ.

ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್) ಮಾದರಿಯ ಎರಡು ಪಿಕಪ್ ತಿರುಗಿಸಿ ನೋಡಿ. ಒಂದರಲ್ಲಿ ಕಾಯಿಲ್ ಒಳಗಿರುವ ಆರು ಕಂಬಗಳೇ ಆಲ್ನಿಕೋ ಮ್ಯಾಗ್ನೆಟ್. ಅಗ್ಗದ ಇನ್ನೊಂದರಲ್ಲಿ ಕಂಬಗಳು ಬರೀ ಉಕ್ಕು, ಅಡಿಯಲ್ಲಿ ಒಂದು ಕಪ್ಪು ಸೆರಾಮಿಕ್ ಪಟ್ಟಿ ಅಂಟಿಸಿರುತ್ತಾರೆ. ಉಕ್ಕು ಕಾಯಿಲ್ ಒಳಗೆ ಹೋದರೆ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದಕ್ಕೆ ಕಾಯಿಲ್ ಒಡ್ಡುವ ತಡೆ) ಏರುತ್ತದೆ, ರೆಸೊನೆನ್ಸ್ ಶಿಖರ, ಅಂದರೆ ಪಿಕಪ್ ಅತಿ ಜೋರಾಗಿ ಸ್ಪಂದಿಸುವ ಜಾಗ, ಕೆಳಗಿನ ಆವರ್ತನಕ್ಕೆ ಇಳಿಯುತ್ತದೆ. ಉಕ್ಕಿನಲ್ಲೇ ಸುಳಿಯುವ ಎಡ್ಡಿ ಕರೆಂಟ್ ಆ ಶಿಖರದ ಎತ್ತರವನ್ನೂ ತಗ್ಗಿಸುತ್ತದೆ. ಸ್ಟ್ರಾಟ್‌ನ ಆ ಗಾಜಿನಂಥ ಹೊಳಪು ಹೋಗುವುದು ಅಲ್ಲಿ. ತಪ್ಪು ಉಕ್ಕಿನದು, ಬೈಗುಳ ಸೆರಾಮಿಕ್‌ಗೆ!

ಹಂಬಕರ್‌ನಲ್ಲಿ (ಗುಂಯ್ ಅನ್ನುವ ಹಮ್ ಸದ್ದು ತಗ್ಗಿಸಲು ಎರಡು ಕಾಯಿಲ್ ಜೋಡಿಸಿದ ಪಿಕಪ್) ಹೋಲಿಕೆ ನ್ಯಾಯವಾಗಿರುತ್ತದೆ. ಕಾಯಿಲ್ ಮುಟ್ಟದೆ ಅಡಿಯ ಪಟ್ಟಿಯೊಂದನ್ನೇ ಬದಲಿಸಬಹುದು. ಆಲ್ನಿಕೋ 2 (ಅಂಕಿ ಅದರ ದರ್ಜೆ) ಹಾಕಿದರೆ ಪಿಕ್‌ನ ಹೊಡೆತ ಮೆತ್ತಗಾಗುತ್ತದೆ. ಆಲ್ನಿಕೋ 5 ಹಾಕಿದರೆ ಬಾಸ್ ಬಿಗಿಯಾಗಿ, ಮೇಲಿನ ಸ್ವರಗಳು ಎದ್ದು ಬರುತ್ತವೆ. ಸೆರಾಮಿಕ್‌ಗೆ ಔಟ್‌ಪುಟ್ ಇನ್ನೂ ಸ್ವಲ್ಪ ಜಾಸ್ತಿ, ಟ್ರೆಬಲ್ ಚೂಪು. ವ್ಯತ್ಯಾಸ ನಿಜ, ಆದರೆ ಕಿವಿ ಮುಚ್ಚಿಕೊಳ್ಳುವಷ್ಟು ದೊಡ್ಡದಲ್ಲ. ಸೆರಾಮಿಕ್ ಹಾಕುವ ಪಿಕಪ್‌ಗಳಿಗೆ ಎಷ್ಟೋ ಸಲ ತೆಳು ವೈರ್ ಹಾಕಿ ಸುತ್ತು ಕೂಡ ಜಾಸ್ತಿ ಸುತ್ತಿರುತ್ತಾರೆ. ನಾವು ಕೇಳುವುದು ಆ ಸುತ್ತುಗಳನ್ನು.

ಇನ್ನೊಂದು ಮಜಾ ಇದೆ. ಅಂಕಿ ನೋಡಿದರೆ ಆಲ್ನಿಕೋ 5ರ ರೆಮನೆನ್ಸ್ (ಕಾಂತೀಕರಿಸಿದ ಮೇಲೆ ಅದರಲ್ಲಿ ಉಳಿಯುವ ಕಾಂತಬಲ) 12,000 ಗಾಸ್‌ಗಿಂತ ಮೇಲೆ, ಸೆರಾಮಿಕ್‌ನದು ಸುಮಾರು 4,000 ಮಾತ್ರ. ಆದರೂ ಹಂಬಕರ್‌ನಲ್ಲಿ ಸೆರಾಮಿಕ್ಕೇ ಬಲಶಾಲಿ. ಯಾಕೆ? ಆ ಪಟ್ಟಿಯಲ್ಲಿ ಧ್ರುವಗಳಿರುವುದು ತುದಿಗಳಲ್ಲಲ್ಲ, ಉದ್ದನೆಯ ಎರಡು ಅಂಚುಗಳಲ್ಲಿ. ಧ್ರುವಗಳು ಅಷ್ಟು ಹತ್ತಿರವಾದಾಗ ಆಲ್ನಿಕೋ ತನ್ನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ. ಸೆರಾಮಿಕ್ ಹಟಮಾರಿ, ಬಿಟ್ಟುಕೊಡುವುದಿಲ್ಲ.

ಒಬ್ಬ ಗೆಳೆಯನ ಕಥೆ ಹೇಳಲೇಬೇಕು. ಆರನೇ ತಂತಿ, ಹನ್ನೆರಡನೇ ಫ್ರೆಟ್ ದಾಟಿದರೆ ಅಪಸ್ವರ. ಒಂದೇ ತಂತಿಯಲ್ಲಿ ಎರಡು ಸ್ವರ ಗುದ್ದಾಡಿದ ಹಾಗೆ ‘ವಂವ್ ವಂವ್’. ಟ್ಯೂನರ್ ಮುಳ್ಳು ನಿಲ್ಲುತ್ತಲೇ ಇರಲಿಲ್ಲ. ತಂತಿ ಬದಲಿಸಿದ, ಬಿರಡೆ ಬದಲಿಸಿದ, ಬ್ರಿಡ್ಜ್ ಸರಿ ಮಾಡಿಸಿದ. ಕೊನೆಗೆ, ‘ಪಿಕಪ್ ಹಾಳಾಗಿದೆ, ಸೆರಾಮಿಕ್ ಅಲ್ವಾ’ ಅಂದ! ಬಿಚ್ಚಿದರೆ ಒಳಗಿದ್ದವು ಆಲ್ನಿಕೋ 5 ಕಂಬಗಳು. ನೆಕ್ ಪಿಕಪ್ (ಗಿಟಾರ್‌ನ ಕತ್ತಿನ ಬದಿಯದು) ತಂತಿಗೆ ತಾಗುವಷ್ಟು ಮೇಲಿತ್ತು. ಮ್ಯಾಗ್ನೆಟ್ ತಂತಿಯನ್ನು ಎಳೆದು, ಅದರ ಅಲುಗಾಟವನ್ನೇ ಕೆಡಿಸುತ್ತಿತ್ತು. ಸ್ಕ್ರೂಡ್ರೈವರ್ ತಗೊಂಡು ಬಾಸ್ ಬದಿಯ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಇಳಿಸಿದೆ. ಗುದ್ದಾಟ ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಅಲ್ಲೂ ಬೈಗುಳ ತಿಂದಿದ್ದು ಸೆರಾಮಿಕ್ಕೇ ನೋಡಿ, ಅದು ಗಿಟಾರ್‌ನಲ್ಲೇ ಇರಲಿಲ್ಲ! ಮ್ಯಾಗ್ನೆಟ್ ಕೊಳ್ಳುವ ಮೊದಲು ದಯವಿಟ್ಟು ಎತ್ತರ ಬದಲಿಸಿ ಕೇಳಿ.

ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಎಂಜಿನಿಯರ್ ಸೇತ್ ಲವರ್ ಗಿಟಾರ್ ಕಂಪನಿ ಗಿಬ್ಸನ್‌ಗಾಗಿ ರೂಪಿಸಿದ ಹಂಬಕರ್ ಬಗ್ಗೆ ಒಂದೇ ಮಾತು: 1950ರ ದಶಕದ ಕೊನೆಯ ಆ ಪಿಎಎಫ್ (‘ಪೇಟೆಂಟ್ ಅಪ್ಲೈಡ್ ಫಾರ್’ ಅಂತ ಚೀಟಿ ಅಂಟಿಸಿದ) ಪಿಕಪ್‌ಗಳಲ್ಲಿ ಬೇರೆ ಬೇರೆ ದರ್ಜೆಯ ಆಲ್ನಿಕೋ ಸಿಗುತ್ತದೆ. ‘ಅಸಲಿ ಪಿಎಎಫ್ ಮ್ಯಾಗ್ನೆಟ್’ ಅಂತ ಒಂದೇ ಒಂದು ಇಲ್ಲ. ನಿಯೋಡಿಮಿಯಮ್, ಸಮೇರಿಯಮ್ ಕೋಬಾಲ್ಟ್ ಮ್ಯಾಗ್ನೆಟ್ ಬಗ್ಗೆ ಇನ್ನೊಮ್ಮೆ ಮಾತಾಡೋಣ. ಅವು ಬಹಳ ಬಲದವು, ಚಿಕ್ಕ ತುಂಡೇ ಸಾಕು.

ಪಟ್ಟಿ ಬದಲಿಸುವವರು ತೆಗೆಯುವ ಮೊದಲು ಒಂದು ಅಂಚಿಗೆ ಪೆನ್ನಿನಿಂದ ಗುರುತು ಹಾಕಿ. ಹೊಸ ಪಟ್ಟಿಯ ಯಾವ ಅಂಚು ಆ ಗುರುತಿನ ಅಂಚನ್ನು ತಳ್ಳುತ್ತದೋ ಅದೇ ಆ ಬದಿಗೆ ಬರಬೇಕು. ತಿರುಗಿಸಿ ಕೂರಿಸಿದರೆ ಎರಡೂ ಪಿಕಪ್ ಆನ್ ಮಾಡಿದಾಗ ಸದ್ದು ತೆಳುವಾಗಿ, ಮೂಗಿನಿಂದ ಬಂದ ಹಾಗಿರುತ್ತದೆ. ಬ್ರಿಟಿಷ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರ್‌ನ ಅಂಥದ್ದೇ ಸದ್ದು ನಿಮಗೆ ಇಷ್ಟವಾದರೆ ಮಾತ್ರ ಬೇಕಂತಲೇ ತಿರುಗಿಸಿ ಹಾಕಿ.