ತರಕಾರಿ ಹೆಸರುಗಳನ್ನು ಒಟ್ಟಿಗೆ ಕಲಿಸಬೇಕೇ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಭಾಷೆ ಕಲಿಸುವವರೇ ಜಾಸ್ತಿ ಇದ್ದೀರಿ. ಕೆಲವರು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೀರಿ, ಕೆಲವರು ಬೆಂಗಳೂರಿಗೆ ಕೆಲಸಕ್ಕೆ ಬಂದವರಿಗೆ ಕನ್ನಡ ಕಲಿಸುತ್ತೀರಿ. ನಿಮ್ಮ ಪುಸ್ತಕಗಳಲ್ಲಿ ಹಣ್ಣು, ತರಕಾರಿ, ಬಣ್ಣಗಳ ಹೆಸರಿನ ಪಟ್ಟಿ ಇದ್ದೇ ಇರುತ್ತದೆ, ಅಲ್ವಾ? ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕೊಟ್ಟರೆ ಬೇಗ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಅದು ಅರ್ಧ ಮಾತ್ರ ಸರಿ.

ಮೊದಲು ಸರಿಯಿರುವ ಅರ್ಧ ನೋಡೋಣ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಪ್ರಯೋಗ ಮಾಡಿದ್ದು ತಮ್ಮ ಮೇಲೆಯೇ. ಅರ್ಥವೇ ಇಲ್ಲದ ಉಚ್ಚಾರಗಳ ಸಾಲುಗಳನ್ನು ಬಾಯಿಪಾಠ ಮಾಡಿದರು, ಬೈರನ್ ಕವಿಯ ಪದ್ಯಗಳನ್ನೂ ಮಾಡಿದರು. ಪದ್ಯಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಶ್ರಮ ಸಾಕಾಯಿತು. ಲಯ, ಪ್ರಾಸಗಳ ಸಹಾಯವೂ ಅದರಲ್ಲಿ ಸೇರಿದೆ. ಆದರೂ ಅಷ್ಟು ದೊಡ್ಡ ವ್ಯತ್ಯಾಸ!

ಅಮೆರಿಕದ ಬೌಸ್‌ಫೀಲ್ಡ್ 1953ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಪ್ರಾಣಿ, ತರಕಾರಿ, ವೃತ್ತಿ, ಜನರ ಹೆಸರು: ಒಟ್ಟು 60 ಪದಗಳನ್ನು ಕಲಸಿ ಓದಿದರು. ಕೇಳಿದವರು ಬರೆಯುವಾಗ ಒಂದೇ ಬಗೆಯವು ಗುಂಪುಗುಂಪಾಗಿ ಬಂದವು. ಹಾಗೆ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ.

ಸಂಬಂಧವೇ ಇಲ್ಲದ ಕಡೆ ನಾವೇ ಅದನ್ನು ಕಟ್ಟಿಕೊಳ್ಳಬಹುದು. 1969ರಲ್ಲಿ ಬೋವರ್ ಮತ್ತು ಕ್ಲಾರ್ಕ್ ಹತ್ತು ಪದಗಳ 12 ಪಟ್ಟಿ ಕೊಟ್ಟರು. ಒಂದು ಗುಂಪಿಗೆ ಪ್ರತಿ ಪಟ್ಟಿಯ ಪದಗಳನ್ನು ಸೇರಿಸಿ ಕತೆ ಹೆಣೆಯಲು ಹೇಳಿದರು, ಇನ್ನೊಂದು ಗುಂಪು ಸುಮ್ನೆ ಕಲಿಯಿತು. ಆಯಾ ಪಟ್ಟಿ ಮುಗಿದ ಕೂಡಲೇ ಕೇಳಿದಾಗ ಇಬ್ಬರೂ ಚೆನ್ನಾಗಿಯೇ ಹೇಳಿದರು. 12 ಪಟ್ಟಿಯೂ ಮುಗಿದ ಮೇಲೆ ಕೇಳಿದರೆ ಕತೆಯವರಿಗೆ ನೂರಕ್ಕೆ 93 ಪದ ನೆನಪಿತ್ತು, ಉಳಿದವರಿಗೆ 13. ಆಗಿಂದಾಗ್ಗೆ ಒಪ್ಪಿಸಿದ ಪಾಠವನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ಪೆನ್ನು ಕೆಳಗಿಟ್ಟು ಕೇಳಿ. ಹಾಸಿಗೆ, ದಿಂಬು, ಕನಸು, ಆಕಳಿಕೆ, ಗೊರಕೆ, ಕಂಬಳಿ, ತೂಕಡಿಕೆ, ರಾತ್ರಿ, ಲಾಲಿ, ಎಚ್ಚರ. ಸರಿ, ನೆನಪಿದ್ದಷ್ಟನ್ನು ಬರೆದುಕೊಳ್ಳಿ.

ಆಯಿತಾ? ನಿಮ್ಮ ಹಾಳೆಯಲ್ಲಿ "ನಿದ್ದೆ" ಇದ್ದರೆ ಕೈ ಎತ್ತಿ. ಆ ಪದವನ್ನು ನಾನು ಹೇಳಲೇ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನೆನಪು ಕೆಲಸ ಮಾಡುವುದೇ ಹೀಗೆ. 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಇಂಥದೇ ಪಟ್ಟಿಗಳನ್ನು ಓದಿದಾಗ, ಹೇಳದೇ ಇದ್ದ ಪದವನ್ನು ಜನ ನೂರಕ್ಕೆ 40 ಸಲ ಬರೆದಿದ್ದರು. ಒಂದು ಪದ ಕೇಳಿದರೆ ಅದರ ನಂಟಿನ ಪದಗಳೂ ಒಳಗೆ ಎದ್ದು ಕೂರುತ್ತವೆ. ಆಮೇಲೆ ಕೇಳಿದ್ದು ಯಾವುದು, ತಾನಾಗಿ ಎದ್ದದ್ದು ಯಾವುದು ಅಂತ ಬೇರ್ಪಡಿಸುವುದು ಕಷ್ಟ.

ನಮಗೆ, ಅಂದರೆ ಕಲಿಸುವವರಿಗೆ, ಮುಖ್ಯವಾದ ಮಾತು ಇಲ್ಲಿದೆ. ಬೌಸ್‌ಫೀಲ್ಡ್ ಓದಿದ ಪದಗಳೆಲ್ಲ ಕೇಳುಗರಿಗೆ ಮೊದಲೇ ಗೊತ್ತಿದ್ದವು. ಹೊಸ ಭಾಷೆಯ ಹೊಸ ಪದಗಳ ಕತೆಯೇ ಬೇರೆ. 1993ರಲ್ಲಿ ಟಿಂಕಮ್ ಎಂಬ ಸಂಶೋಧಕರು ಕೃತಕ ಪದಗಳನ್ನು ಕಲಿಸಿ ನೋಡಿದರು. ಒಂದೇ ಜಾತಿಯ ಅರ್ಥಗಳಿಗೆ ಜೋಡಿಸಿದ ಪದಗಳನ್ನು ಕಲಿಯಲು ಸಂಬಂಧವಿಲ್ಲದ ಪದಗಳಿಗಿಂತ ಹೆಚ್ಚು ಹೊತ್ತು ಬೇಕಾಯಿತು. 1997ರಲ್ಲಿ ವೇರಿಂಗ್ ಜಪಾನಿ ಮಾತಾಡುವವರ ಮೇಲೆ ಇದೇ ಪ್ರಯೋಗ ಮಾಡಿದರು, ಫಲಿತಾಂಶವೂ ಹಾಗೆಯೇ ಬಂತು.

ಯಾಕೆ ಹೀಗೆ? ಕನ್ನಡ ಈಗಷ್ಟೇ ಶುರು ಮಾಡಿದವರಿಗೆ ಒಂದೇ ದಿನ ಹೀರೇಕಾಯಿ, ಸೋರೆಕಾಯಿ, ಸೌತೆಕಾಯಿ, ಪಡವಲಕಾಯಿ ಕೊಟ್ಟು ನೋಡಿ. ಎಲ್ಲವೂ ಹಸಿರು, ಎಲ್ಲವೂ ಉದ್ದ, ಎಲ್ಲದರ ಕೊನೆಗೂ ಕಾಯಿ. ಯಾವ ಹೆಸರೂ ಯಾವ ತರಕಾರಿಗೂ ಇನ್ನೂ ಅಂಟಿಕೊಂಡಿಲ್ಲ. "ತರಕಾರಿ" ಎಂಬುದು ನೆನಪಿರುತ್ತದೆ, ಯಾವುದಕ್ಕೆ ಯಾವ ಹೆಸರು ಎಂಬುದು ಅದಲುಬದಲಾಗುತ್ತದೆ. ಹೋಲಿಕೆಯೇ ಅಡ್ಡ ಬರುತ್ತದೆ. ಇದನ್ನು ಕಲಿಯುವವರ ದಡ್ಡತನ ಅಂದುಕೊಳ್ಳುವುದು ದೊಡ್ಡ ಅನ್ಯಾಯ.

ಆದರೆ ಒಂದೇ ಸಂದರ್ಭಕ್ಕೆ ಸೇರಿದ ಪದಗಳು ಹೀಗೆ ಕಾದಾಡುವುದಿಲ್ಲ. ಟಿಂಕಮ್ 1997ರಲ್ಲಿ ಇದನ್ನೂ ಪರೀಕ್ಷಿಸಿದರು. ಒಂದು ಸನ್ನಿವೇಶದ ಸುತ್ತ ಸೇರುವ ಪದಗಳು ಬೇಗ ಬಂದವು. ಹಾಗಾಗಿ ಬಸ್ಸಿನ ಪಾಠ ಮಾಡಿ: ಸೀಟು, ಚಿಲ್ಲರೆ, ಇಳಿ, ಮುಂದೆ, ಖಾಲಿ. "ಮುಂದಿನ ಸ್ಟಾಪಲ್ಲಿ ಇಳೀತೀನಿ, ಚಿಲ್ಲರೆ ಕೊಡಿ." ಇವುಗಳಲ್ಲಿ ಒಂದು ಇನ್ನೊಂದರ ಜಾಗಕ್ಕೆ ಬರಲಾರದು, ಆದರೆ ಒಂದು ಇನ್ನೊಂದನ್ನು ಕರೆಯುತ್ತದೆ. ತರಕಾರಿಗಳಲ್ಲೂ ಒಂದನ್ನು ಸಂತೆಯ ಮಾತಿನಲ್ಲಿ ತನ್ನಿ, ಇನ್ನೊಂದನ್ನು ಬೇರೆ ವಾರ ಸಾಂಬಾರಿನ ಮಾತಿನಲ್ಲಿ ತನ್ನಿ. ಎಲ್ಲ ಗಟ್ಟಿಯಾದ ಮೇಲೆ ಪಟ್ಟಿ ಮಾಡಿಸಿದರೆ ಪಟ್ಟಿಗೂ ಬೆಲೆ ಬರುತ್ತದೆ.

ವಿರುದ್ಧ ಪದಗಳಿಗೂ ಇದೇ ಜಾಗ್ರತೆ ಬೇಕು. ಆಟೋದವರಿಗೆ ದಾರಿ ಹೇಳುವ ಪಾಠದಲ್ಲಿ ಎಡ, ಬಲ ಎರಡನ್ನೂ ಒಟ್ಟಿಗೆ ಹೇಳಿಕೊಡಬೇಡಿ. ಮೊದಲು "ಎಡಕ್ಕೆ ತಗೊಳ್ಳಿ" ಒಂದೇ ಸಾಕು. ಅದು ಯೋಚಿಸದೆ ಬಾಯಿಗೆ ಬರುವಂತಾದ ಮೇಲೆ ಬಲಕ್ಕೆ ಹೋಗಿ.