ಸ್ಟಿಯರಿಂಗೂ ಬಲಗಡೆ, ರಸ್ತೆಯೂ ಬಲಗಡೆ: ಮ್ಯಾನ್ಮಾರ್ ವ್ಲಾಗ್

ಎಲ್ಲರಿಗೂ ನಮಸ್ಕಾರ. ಇದು ಯಾಂಗೋನ್, ನಮ್ಮ ಹಿರಿಯರ ಬಾಯಲ್ಲಿ ರಂಗೂನ್. ನಾನು ಕೂತಿರುವ ಟ್ಯಾಕ್ಸಿಯನ್ನು ಸ್ವಲ್ಪ ನೋಡಿ. ಗಾಡಿ ಹೋಗುತ್ತಿರುವುದು ರಸ್ತೆಯ ಬಲಗಡೆ. ಸ್ಟಿಯರಿಂಗ್ ಇರುವುದೂ ಬಲಗಡೆಯೇ! ಓವರ್‌ಟೇಕ್ ಮಾಡಲು ಹೋದರೆ ಎದುರಿನಿಂದ ಬರುವ ಗಾಡಿ ಡ್ರೈವರಣ್ಣನಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿರುವ ನಾನು ಕತ್ತು ಚಾಚಿ ನೋಡಿ, ಹೋಗಬಹುದು ಅಂತ ಕೈಸನ್ನೆ ಮಾಡಬೇಕು.

ಬ್ರಿಟಿಷರ ಕಾಲದಲ್ಲಿ ಇಲ್ಲೂ ನಮ್ಮ ಹಾಗೆ ಎಡಗಡೆ ಓಡಾಟವಿತ್ತು. 1970ರಲ್ಲಿ ಆಗಿನ ಸೇನಾ ಸರ್ವಾಧಿಕಾರಿ ಜನರಲ್ ನೆ ವಿನ್ ಅದನ್ನು ಬಲಗಡೆಗೆ ತಿರುಗಿಸಿದ. ಜ್ಯೋತಿಷಿ ಮಾತು ಕೇಳಿ ಹಾಗೆ ಮಾಡಿದ ಅನ್ನುವವರೂ ಇದ್ದಾರೆ. ಕಾರುಗಳು ಮಾತ್ರ ಜಪಾನಿನ ಸೆಕೆಂಡ್ ಹ್ಯಾಂಡ್, ಅದಕ್ಕೇ ಸ್ಟಿಯರಿಂಗ್ ಬಲಗಡೆ.

ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ತಿಲಕರನ್ನು ಇಟ್ಟಿದ್ದ ಮಂಡಾಲೆ ಜೈಲು ಇದ್ದದ್ದು ಈ ದೇಶದಲ್ಲೇ. ದೆಹಲಿಯ ಬಹದ್ದೂರ್ ಶಾ ಜಫರ್‌ನನ್ನು ಇಲ್ಲಿಗೆ ಗಡೀಪಾರು ಮಾಡಿದರು, ಇಲ್ಲಿಯ ಕೊನೆಯ ರಾಜ ತಿಬಾನನ್ನು ರತ್ನಾಗಿರಿಗೆ ಸಾಗಿಸಿದರು. 1948ರ ಜನವರಿ 4ಕ್ಕೆ ಸ್ವಾತಂತ್ರ್ಯ ಬಂತು. 1962ಕ್ಕೆ ನೆ ವಿನ್ ಸೇನಾದಂಗೆ ಮಾಡಿ ಅಧಿಕಾರಕ್ಕೆ ಬಂದ.

ಈಗ ಪನ್ಸೋಡಾನ್ ರಸ್ತೆಯ ಫುಟ್‌ಪಾತ್. ಹಳೇ ಪುಸ್ತಕಗಳ ಜೊತೆ ಹಳೇ ನೋಟುಗಳೂ ಸಿಗುತ್ತವೆ. ನನ್ನ ಕೈಯಲ್ಲಿರುವುದು 45 ಕ್ಯಾಟ್ ನೋಟು. ಇನ್ನೊಂದು 90ರದ್ದು. ನಾಲ್ಕು ಐದು ಒಂಬತ್ತು, ಒಂಬತ್ತು ಸೊನ್ನೆಯೂ ಒಂಬತ್ತು. ನೆ ವಿನ್‌ಗೆ ಒಂಬತ್ತು ಅಂದರೆ ಪ್ರಾಣ ಅಂತೆ! ತಮಾಷೆ ಅನಿಸುತ್ತದೆ, ಅಲ್ವಾ? ಆದರೆ ಈ ನೋಟು ಬರುವ ಮುಂಚೆ, 1987ರ ಸೆಪ್ಟೆಂಬರ್‌ನಲ್ಲಿ, 25, 35 ಮತ್ತು 75ರ ನೋಟುಗಳನ್ನು ರದ್ದು ಮಾಡಿದರು. ಬದಲಿ ಹಣ ಒಂದು ಕಾಸೂ ಇಲ್ಲ. 2016ರಲ್ಲಿ ನಮಗೆ ಬ್ಯಾಂಕ್ ಮುಂದೆ ಕ್ಯೂ ನಿಲ್ಲಲಾದರೂ ಬಿಟ್ಟರು. ಇಲ್ಲಿ ಟ್ರಂಕಿನಲ್ಲಿ ಕೂಡಿಟ್ಟ ದುಡ್ಡು ಬರೀ ಕಾಗದವಾಯಿತು. ಕಾಲೇಜು ಹುಡುಗರು ಬೀದಿಗಿಳಿದರು. ಮರುವರ್ಷ, 1988ರ ಆಗಸ್ಟ್ 8ರಂದು, ಇಡೀ ದೇಶ ಎದ್ದು ನಿಂತಿತು. ಸೇನೆ ಗುಂಡು ಹಾರಿಸಿತು. ಸತ್ತವರು ಸಾವಿರಾರು.

ಅಂದಹಾಗೆ, ಈ ವಿಡಿಯೋದಲ್ಲಿ ಸ್ಥಳೀಯರ ಮುಖವನ್ನೆಲ್ಲ ಬ್ಲರ್ ಮಾಡಿದ್ದೇನೆ. ನಾನು ವಿಮಾನ ಹತ್ತಿ ಹೊರಡುತ್ತೇನೆ, ಅವರು ಇಲ್ಲೇ ಇರಬೇಕು.

1990ರ ಚುನಾವಣೆಯಲ್ಲಿ ಸೋತ ಸೇನೆ ಕುರ್ಚಿ ಬಿಡಲಿಲ್ಲ. 2008ರ ಸಂವಿಧಾನದಲ್ಲಿ ಸಂಸತ್ತಿನ ಕಾಲು ಭಾಗ ಸೀಟು ಸೇನೆಗೇ ಇಟ್ಟುಕೊಂಡರು. ತಿದ್ದುಪಡಿಗೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮತ ಬೇಕು. ಲೆಕ್ಕ ಹಾಕಿ ನೋಡಿ, ಎಂಥಾ ಬುದ್ಧಿ! ಅದೂ ಸಾಲಲಿಲ್ಲ. 2020ರಲ್ಲಿ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂಕಿ ಪಕ್ಷ ಭರ್ಜರಿಯಾಗಿ ಗೆದ್ದಿತು. 2021ರ ಫೆಬ್ರವರಿ 1ಕ್ಕೆ ಹೊಸ ಸಂಸತ್ತು ಸೇರಬೇಕಿತ್ತು. ಅವತ್ತು ಬೆಳಗಿನ ಜಾವವೇ ಸೇನೆ ಸೂಕಿಯನ್ನು ಬಂಧಿಸಿ ಅಧಿಕಾರ ಕಿತ್ತುಕೊಂಡಿತು. ಸೂಕಿ ಬಗ್ಗೆ ನನಗೇನೂ ಪೂರ್ತಿ ಭಕ್ತಿಯಿಲ್ಲ. ಸೇನೆಯ ದಾಳಿಗೆ ಹೆದರಿ ಏಳು ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಮುಸ್ಲಿಮರು ದೇಶ ಬಿಟ್ಟು ಓಡಿದ ಮೇಲೂ, 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿನಲ್ಲಿ ಈ ದೇಶದ ಪರ ವಾದಿಸಿ ಸೇನೆಗೆ ಆಸರೆಯಾದವರು ಅವರೇ.

ಸೇನಾದಂಗೆಯಾದ ಮೇಲೆ ರಾತ್ರಿ ಎಂಟಾದರೆ ಮನೆಮನೆಯಲ್ಲೂ ತಟ್ಟೆ ಪಾತ್ರೆ ಬಡಿಯುತ್ತಿದ್ದರು. ದೆವ್ವ ಓಡಿಸಲು ಇಲ್ಲಿಯವರು ಮಾಡುವುದೇ ಹಾಗೆ. ಆಮೇಲೆ ಹುಡುಗರು ಬಂದೂಕು ಹಿಡಿದು ಕಾಡು ಸೇರಿದರು. ಗಡಿ ಭಾಗದ ಎಷ್ಟೋ ಊರುಗಳು ಸೇನೆಯ ಕೈತಪ್ಪಿದವು. ಸೈನಿಕರು ಸಾಲದೆ 2024ರ ಫೆಬ್ರವರಿಯಲ್ಲಿ ಕಡ್ಡಾಯ ಸೇವೆಯ ಕಾನೂನು ಜಾರಿಗೆ ಬಂತು. ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27 ವಯಸ್ಸು. ಕೆಲವೇ ದಿನಗಳಲ್ಲಿ ಥಾಯ್ಲೆಂಡ್ ರಾಯಭಾರ ಕಚೇರಿಯ ಮುಂದೆ ವೀಸಾಕ್ಕೆ ಉದ್ದುದ್ದ ಕ್ಯೂ. ಮಂಡಾಲೆಯ ಪಾಸ್‌ಪೋರ್ಟ್ ಕಚೇರಿ ಹತ್ತಿರ ನೂಕುನುಗ್ಗಲಿಗೆ ಸಿಕ್ಕಿ ಇಬ್ಬರು ಹೆಂಗಸರು ಸತ್ತರು.